ಕುಡಿಯೋದು ಅವರು, ಗುಂಪು ಬೇಕಿರೋದು ನಿಮಗೂ

ಪುಣೆ, ಹೈದರಾಬಾದ್, ಚೆನ್ನೈ, ದೆಹಲಿ ಅಂತ ಎಲ್ಲೆಲ್ಲಿಂದಲೋ ನೋಡ್ತಾ ಇದೀರಿ. ಇವತ್ತಿನ ವಿಷಯ ನಾವು ಬಾಗಿಲು ಹಾಕ್ಕೊಂಡೂ ಮಾತಾಡದೇ ಇರೋದು. ಮನೆಯಲ್ಲಿ ಒಬ್ಬರ ಕುಡಿತ ಕೈಮೀರಿದಾಗ ಉಳಿದವರು ಎಲ್ಲಿಗೆ ಹೋಗಬೇಕು?

ಊರಲ್ಲಾದ್ರೆ ಅಕ್ಕ ಇರ್ತಾಳೆ, ಸೋದರಮಾವ ಇರ್ತಾನೆ. ಇಲ್ಲಿ ಫ್ಲ್ಯಾಟಿನಲ್ಲಿ ಇಬ್ಬರೇ. ಮ್ಯಾನೇಜರ್‌ಗೆ "ಅವರಿಗೆ ಜ್ವರ" ಅಂತ ಮೆಸೇಜ್ ಹಾಕೋದೂ ನೀವೇ, ಊರಿಂದ ಅತ್ತೆ ಫೋನ್ ಮಾಡಿದ್ರೆ "ಮೀಟಿಂಗಲ್ಲಿದಾರೆ" ಅನ್ನೋದೂ ನೀವೇ. "ಅವರು ಮೊದಲು ಒಪ್ಪಲಿ, ಆಮೇಲೆ ಸಹಾಯ ಹುಡುಕೋಣ" ಅಂತ ವರ್ಷಗಟ್ಟಲೆ ಕಾಯ್ತೀರಿ. ಕಾಯಬೇಕಾಗಿಲ್ಲ.

ಗುಂಪು ಹುಡುಕೋವಾಗ ಮೊದಲ ಪ್ರಶ್ನೆ: ಸಹಾಯ ಯಾರಿಗೆ? ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದ್ರೆ ಎಎ, ಕುಡಿತ ಬಿಡಬೇಕು ಅನ್ನುವವರ ಗುಂಪು. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಬಿಲ್ ವಿಲ್ಸನ್ ಮತ್ತು ಡಾ. ಬಾಬ್ ಸ್ಮಿತ್ ಶುರು ಮಾಡಿದ್ದು. ಮನೆಯವರ ಪಾಡೇನು? 1951ರಲ್ಲಿ ಬಿಲ್ ಅವರ ಹೆಂಡತಿ ಲೋಯಿಸ್ ಮತ್ತು ಗೆಳತಿಯೊಬ್ಬರು ಅದಕ್ಕಾಗಿಯೇ ಅಲ್-ಅನಾನ್ ಕಟ್ಟಿದರು. ಕುಡಿಯುವವರು ಎಎ ಕಡೆ ತಲೆ ಹಾಕದಿದ್ದರೂ ನೀವು ಅಲ್ಲಿಗೆ ಹೋಗಬಹುದು. ಅವರನ್ನು ಬಿಡಿಸೋ ಉಪಾಯ ಅಲ್ಲಿ ಸಿಗಲ್ಲ. ಅವರ ಕುಡಿತಕ್ಕೆ ನೀವು ಕಾರಣ ಅಲ್ಲ, ಅದರ ಹಿಡಿತವೂ ನಿಮ್ಮ ಕೈಲಿಲ್ಲ ಅನ್ನೋದನ್ನ ಅನುಭವಿಸಿದವರ ಬಾಯಲ್ಲೇ ಕೇಳ್ತೀರಿ. ಅಷ್ಟಕ್ಕೇ ಎಷ್ಟೋ ಜನಕ್ಕೆ ರಾತ್ರಿ ನಿದ್ದೆ ಬರುತ್ತೆ.

ಎರಡನೇದು ಭಾಷೆ. ಆಫೀಸಿನ ಇಂಗ್ಲಿಷ್ ಚೆನ್ನಾಗಿರಬಹುದು, ಆದರೆ ಅಳು ಬರೋದು ಯಾವ ಭಾಷೇಲಿ? ಕನ್ನಡದ ಆನ್‌ಲೈನ್ ಸಭೆ ಇದೆಯಾ ಅಂತ ವಿಚಾರಿಸಿ. ಕನ್ನಡದವರೇ ಇದ್ರೆ ಸುದ್ದಿ ಸಂಘದ ತನಕ ಹೋಗುತ್ತೆ ಅನ್ನೋ ಭಯ ಇದ್ರೆ, ನಿಮ್ಮ ಏರಿಯಾ ಬಿಟ್ಟು ಆಚೆ ನಡೆಯೋ ಹಿಂದಿ ಸಭೆಯೂ ಆದೀತು. ಅಲ್ಲಿ ಹೆಸರಷ್ಟೇ ಸಾಕು, ಕಂಪನಿ ಯಾವುದು ಅಂತ ಹೇಳಬೇಕಾಗಿಲ್ಲ.

ಮೂರನೇದು, ಒಂದೇ ಸಲಕ್ಕೆ ತೀರ್ಮಾನ ಬೇಡ. ಪ್ರತಿ ಗುಂಪಿನ ಸ್ವಭಾವ ಬೇರೆ. ಆರು ಸಭೆಗಾದ್ರೂ ಹೋಗಿ ನೋಡಿ ಅನ್ನೋದು ಅಲ್-ಅನಾನ್‌ನವರದ್ದೇ ರೂಢಿ. ಮೊದಲ ದಿನ ಸುಮ್ಮನೆ ಕೂತು ಕೇಳಿದರೂ ಸಾಕು. ಶುಲ್ಕ ಇಲ್ಲ, ಇಷ್ಟ ಇದ್ರೆ ಕಾಣಿಕೆ. ಗ್ಯಾರಂಟಿ ಕೊಡುವ, ಪುಡಿ ಮಾರುವ, ಡಾಕ್ಟರ್ ಮಾತ್ರೆ ನಿಲ್ಲಿಸಿ ಅನ್ನುವ ಜಾಗದಿಂದ ಎದ್ದು ಬನ್ನಿ.

ಕೊನೆಗೆ ಎರಡು ಎಚ್ಚರಿಕೆ. ದಿನವೂ ಜಾಸ್ತಿ ಕುಡಿಯುವವರು ಏಕಾಏಕಿ ನಿಲ್ಲಿಸಿದ್ರೆ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಮೊದಲು ಡಾಕ್ಟರ್ ಹತ್ತಿರ ಹೋಗಬೇಕು. ಮನೆಯಲ್ಲಿ ಹೊಡೆತ ಇದ್ರೆ ಗುಂಪಿಗಿಂತ ಮೊದಲು ನಿಮ್ಮ ಸುರಕ್ಷತೆ. ಮಹಿಳಾ ಸಹಾಯವಾಣಿ 181.

ಎಲ್ಲಿಂದ ಶುರು ಮಾಡೋದು ತಿಳೀದಿದ್ರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೂ ಮಾತಾಡಬಹುದು. ಅವರು ಒಪ್ಪೋ ದಿನ ಬರಲಿ. ಅಲ್ಲೀ ತನಕ ನೀವು ಒಬ್ಬರೇ ಇರಬೇಡಿ.