ಯಾರು ಹಾಡ್ತಾರೆ ಅಂತ ಗೊತ್ತು, ‘ಶೋ ನಿಲ್ಸಿ’ ಅನ್ನೋರು ಯಾರು?

ಮೈಸೂರಿಂದ ಮಾತಾಡ್ತಿದ್ದೀನಿ. ಯುವ ದಸರಾ ಅಂದ ಕೂಡಲೇ ನಮ್ಮ ವಾಟ್ಸಾಪ್ ಗ್ರೂಪ್‌ಗಳಲ್ಲಿ ಎರಡು ಪ್ರಶ್ನೆ ಬರುತ್ತೆ. ಈ ಸಲ ಯಾರು ಬರ್ತಿದ್ದಾರೆ? ಪಾಸ್ ಎಲ್ಲಿ ಸಿಗುತ್ತೆ? ಇವತ್ತು ಮೂರನೇದು ಕೇಳೋಣ. ಜೋರು ಗಾಳಿ ಎದ್ದರೆ ‘ಶೋ ನಿಲ್ಸಿ’ ಅನ್ನೋ ಅಧಿಕಾರ ಯಾರ ಹತ್ತಿರ ಇದೆ?

ಮಹಾರಾಜ ಕಾಲೇಜು ಮೈದಾನದಲ್ಲಿ ನಡೀತಿದ್ದ ಯುವ ದಸರಾ 2024ರಲ್ಲಿ ಉತ್ತನಹಳ್ಳಿ ಹತ್ತಿರದ ಬಯಲಿಗೆ ಹೋಯ್ತು. ಶ್ರೇಯಾ ಘೋಷಾಲ್, ಎ.ಆರ್. ರೆಹಮಾನ್, ಇಳಯರಾಜ ಅಲ್ಲೇ ಹಾಡಿದ್ರು. ಅಲ್ಲಿ ಏನೋ ತಪ್ಪಾಗಿದೆ ಅಂತ ನಾನು ಹೇಳ್ತಿಲ್ಲ. ಆದ್ರೆ ಬಯಲಲ್ಲಿ ಗಾಳಿಗೆ ಅಡ್ಡ ಇರೋದಿಲ್ಲ, ದಸರಾ ಬರೋದೂ ಸಂಜೆ ಗುಡುಗು ಮಳೆಯ ಕಾಲದಲ್ಲೇ.

ದೊಡ್ಡ ಸ್ಟೇಜ್ ಅಂದ್ರೆ ಏನು? ನಾಲ್ಕು ಕಡೆ ಟ್ರಸ್ ಕಂಬ, ಮೇಲೊಂದು ಚಾವಣಿ, ಅದಕ್ಕೆ ನೇತು ಹಾಕಿದ ಲೈಟು, ಸ್ಪೀಕರ್, ಹಿಂದೆ ಎಲ್‌ಇಡಿ ವಾಲ್, ಪಕ್ಕದಲ್ಲಿ ಬಟ್ಟೆ. ಗಾಳಿ ಪಾಲಿಗೆ ಇದು ದೋಣಿಯ ಹಾಯಿ ಇದ್ದ ಹಾಗೆ. ಗಾಳಿಯ ವೇಗ 30 ಕಿ.ಮೀ. ಇದ್ದದ್ದು 60 ಆದ್ರೆ, ಅದು ತಳ್ಳೋ ಬಲ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತೆ.

ಕಟ್ಟಡಗಳಿಗೆ ಐಎಸ್ 875 ಅನ್ನೋ ಭಾರತೀಯ ಮಾನದಂಡ ಇದೆ. ಅದರಲ್ಲಿ ಮೈಸೂರಿನ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಅಂದ್ರೆ ಗಂಟೆಗೆ ಸುಮಾರು 119 ಕಿ.ಮೀ. ತಾತ್ಕಾಲಿಕ ರಚನೆಗೆ ಲೆಕ್ಕ ಇದಕ್ಕಿಂತ ಕಡಿಮೆ ಇರುತ್ತೆ. ಹಾಗಾಗಿ ಗಾಳಿ ಇಷ್ಟಾದ್ರೆ ಬಟ್ಟೆ ಬಿಚ್ಚಬೇಕು, ಇಷ್ಟಾದ್ರೆ ಎಲ್‌ಇಡಿ ಇಳಿಸಬೇಕು, ಅದೂ ದಾಟಿದ್ರೆ ಜನರನ್ನ ದೂರ ಕಳಿಸಬೇಕು ಅಂತ ಮೊದಲೇ ಬರೆದಿಟ್ಟಿರಬೇಕು. ಮೇಲೊಂದು ಗಾಳಿ ಅಳೆಯೋ ಮೀಟರ್, ಅದನ್ನ ನೋಡೋಕೆ ಒಬ್ಬರು.

ಬರೆದಿಡದಿದ್ರೆ ಏನಾಗುತ್ತೆ? 2011ರ ಆಗಸ್ಟ್ 13, ಅಮೆರಿಕದ ಇಂಡಿಯಾನಾ ಸ್ಟೇಟ್ ಫೇರ್. ಬಿರುಗಾಳಿ ಬರುತ್ತೆ ಅನ್ನೋ ಎಚ್ಚರಿಕೆ ಇತ್ತು. ಮೈಕ್‌ನಲ್ಲಿ ಜನರಿಗೂ ಹೇಳಿದ್ರು, ಜೊತೆಗೆ ಶೋ ನಡೆಯುತ್ತೆ ಅನ್ನೋ ಭರವಸೆನೂ ಕೊಟ್ಟರು. ಕೆಲವೇ ನಿಮಿಷದಲ್ಲಿ ಸುಮಾರು 95 ಕಿ.ಮೀ. ವೇಗದ ಗಾಳಿ ನುಗ್ಗಿ, ಚಾವಣಿ ಜನರ ಮೇಲೆ ಬಿತ್ತು. ಏಳು ಜನ ಸತ್ತರು. ತನಿಖೆಯಲ್ಲಿ ಎರಡು ವಿಷಯ ಹೊರಗೆ ಬಂತು. ಎಳೆದು ಕಟ್ಟಿದ ತಂತಿಗಳಿಗೆ ಆಧಾರವಾಗಿದ್ದ ಕಾಂಕ್ರೀಟ್ ದಿಮ್ಮಿಗಳೇ ಜಾರಿದ್ದವು. ಶೋ ರದ್ದು ಮಾಡೋ ಅಧಿಕಾರ ಯಾರದ್ದು ಅನ್ನೋದೂ ಸ್ಪಷ್ಟ ಇರಲಿಲ್ಲ.

ಗಾಳಿಯೊಂದೇ ಅಲ್ಲ. 2024ರ ಜನವರಿಯಲ್ಲಿ ದೆಹಲಿಯ ಕಾಲ್ಕಾಜಿ ದೇವಸ್ಥಾನದ ಜಾಗರಣೆಯಲ್ಲಿ ಜನ ವೇದಿಕೆ ಹತ್ತಿದ್ರು, ಅದು ಕುಸಿದು ಒಬ್ಬ ಮಹಿಳೆ ತೀರಿಕೊಂಡ್ರು. ಅದೇ ವರ್ಷ ಡಿಸೆಂಬರ್ 29ಕ್ಕೆ ಕೊಚ್ಚಿಯ ಕಲೂರು ಸ್ಟೇಡಿಯಂನಲ್ಲಿ ಶಾಸಕಿ ಉಮಾ ಥಾಮಸ್ ತಾತ್ಕಾಲಿಕ ವೇದಿಕೆಯಿಂದ ಸುಮಾರು 15 ಅಡಿ ಕೆಳಗೆ ಬಿದ್ರು. ಅಂಚಿನಲ್ಲಿ ಗಟ್ಟಿ ಬ್ಯಾರಿಕೇಡ್ ಇರಬೇಕಾದ ಜಾಗದಲ್ಲಿ ಇದ್ದದ್ದು ರಿಬ್ಬನ್.

ನಮ್ಮೂರಿನ ನೆನಪು ಇನ್ನೂ ಭಾರ. 1989ರ ಫೆಬ್ರವರಿ 8ರಂದು ಇಲ್ಲೇ ಪ್ರೀಮಿಯರ್ ಸ್ಟುಡಿಯೋದಲ್ಲಿ, ಟಿಪ್ಪು ಸುಲ್ತಾನ್ ಧಾರಾವಾಹಿಯ ಸೆಟ್‌ಗೆ ಬೆಂಕಿ ಬಿದ್ದು 62 ಜನ ಸತ್ತರು. ಗೋಡೆಗೆ ಗೋಣಿಚೀಲ, ಗಾಳಿ ಆಡೋಕೆ ದಾರಿ ಇಲ್ಲ. ಅದು ಕನ್ಸರ್ಟ್ ಅಲ್ಲ, ನಿಜ. ಆದ್ರೆ ‘ನಾಲ್ಕು ದಿನದ ಕೆಲಸ, ಇಷ್ಟು ಸಾಕು’ ಅನ್ನೋ ಮನಸ್ಸು ಸೆಟ್‌ಗೂ ಸ್ಟೇಜ್‌ಗೂ ಒಂದೇ.

ಈಗ ದುಡ್ಡಿನ ವಿಷಯ. ನಾನು ಬಿಕಾಂ ಓದಿದವನು, ಕೊಟೇಶನ್ ನೋಡಿದ್ರೆ ಕಣ್ಣು ಮೊದಲು ಹೋಗೋದು ಯಾವ ಸಾಲು ಹೊಡೆದು ಹಾಕಬಹುದು ಅನ್ನೋ ಕಡೆಗೆ. ಸಿಂಗರ್ ಪೇಮೆಂಟ್ ಹೊಡೆಯೋಕಾಗಲ್ಲ, ಸೌಂಡ್ ಕಡಿಮೆ ಮಾಡೋಕಾಗಲ್ಲ. ತಂತಿ ಕಟ್ಟೋ ತೂಕ, ಎಂಜಿನಿಯರ್ ಫೀಸು, ಇನ್ನೊಂದು ಗೇಟು, ಇವು ಕಡಿಮೆಯಾದ್ರೆ ಪ್ರೇಕ್ಷಕರಿಗೆ ಗೊತ್ತೇ ಆಗಲ್ಲ. ಇನ್ನೊಂದು ವಿಷಯ, ಗಾಳಿ ಜಾಸ್ತಿ ಆದಾಗ ಶೋ ನಿಲ್ಲಿಸಿದ್ರೆ ಅಡ್ವಾನ್ಸ್ ಹೋಗುತ್ತೆ, ಟಿಕೆಟ್ ದುಡ್ಡು ವಾಪಸ್ ಕೊಡಬೇಕಾಗುತ್ತೆ. ನಷ್ಟ ಆಗೋ ವ್ಯಕ್ತಿಯ ಕೈಯಲ್ಲೇ ನಿಲ್ಲಿಸೋ ನಿರ್ಧಾರ ಕೊಟ್ಟರೆ, ಆತ ‘ಇನ್ನೈದು ನಿಮಿಷ ನೋಡೋಣ’ ಅಂತಾನೆ. ಕೆಟ್ಟವನು ಅಂತಲ್ಲ, ಲೆಕ್ಕ ಹಾಗೇ ಇರುತ್ತೆ. ಅದಕ್ಕೇ ಆ ನಿರ್ಧಾರ ದುಡ್ಡು ಹಾಕದೇ ಇರೋ ಒಬ್ಬರ ಕೈಯಲ್ಲಿ ಇರಬೇಕು. ರದ್ದಾದ್ರೆ ಯಾರಿಗೆ ಎಷ್ಟು ಅನ್ನೋದೂ ಕಾಂಟ್ರ್ಯಾಕ್ಟ್‌ನಲ್ಲೇ ಇರಬೇಕು.

ಇದೆಲ್ಲ ದೊಡ್ಡ ಶೋಗಳಿಗೆ ಮಾತ್ರ ಅಂದ್ಕೋಬೇಡಿ. ಬೀದಿ ಗಣೇಶನ ಆರ್ಕೆಸ್ಟ್ರಾ, ರಾಜ್ಯೋತ್ಸವದ ಸ್ಟೇಜ್ ಹಾಕಿಸೋದು ನಾವೇ, ನಮ್ಮ ವಯಸ್ಸಿನವರೇ. ಪೆಂಡಾಲ್‌ಗಳ ಬಗ್ಗೆ ಐಎಸ್ 8758 ಅನ್ನೋ ಮಾನದಂಡ ಇದೆ. ಕರೆಂಟ್ ಇರೋ ಲೈನ್ ಕೆಳಗೆ ಪೆಂಡಾಲ್ ಬೇಡ ಅಂತ ಅದರಲ್ಲೇ ಇದೆ. 2024ರ ಜನವರಿ 8ಕ್ಕೆ ಗದಗ ಜಿಲ್ಲೆಯ ಸೂರಣಗಿಯಲ್ಲಿ ಯಶ್ ಹುಟ್ಟುಹಬ್ಬಕ್ಕೆ ಕಟೌಟ್ ನಿಲ್ಲಿಸೋಕೆ ಹೋಗಿ ಮೂವರು ಹುಡುಗರು ಕರೆಂಟ್ ಹೊಡೆದು ಸತ್ತಿದ್ದು ಮರೆಯೋ ಹಾಗಿಲ್ಲ.

ಮುಂದಿನ ಸಲ ಶಾಮಿಯಾನದವರ ಜೊತೆ ರೇಟ್ ಮಾತಾಡುವಾಗ ನಾಲ್ಕು ಪ್ರಶ್ನೆ ಕೇಳಿ. ಮೇಲೆ ಕರೆಂಟ್ ಲೈನ್ ಇದೆಯಾ? ಸ್ಟೇಜ್ ಎಷ್ಟು ಜನರ ಭಾರ ತಡೆಯುತ್ತೆ? ಮಳೆ ಬಂದು ಮಣ್ಣು ಮೆತ್ತಗಾದ್ರೆ ಕಂಬ ಕೂರದ ಹಾಗೆ ಕೆಳಗೆ ಏನು ಇಡ್ತೀರಿ? ಗಾಳಿ ಬಂದ್ರೆ ಶೋ ನಿಲ್ಲಿಸೋರು ಯಾರು, ಅವರ ನಂಬರ್ ಯಾವುದು?

ಪ್ರೇಕ್ಷಕರಾಗಿ ಹೋದ್ರೆ, ಒಳಗೆ ಕಾಲಿಟ್ಟ ಕೂಡಲೇ ಹೊರಗೆ ಹೋಗೋ ಇನ್ನೊಂದು ದಾರಿ ನೋಡ್ಕೊಳ್ಳಿ. ವಿಡಿಯೋಗೆ ಅಂತ ಸ್ಪೀಕರ್ ಟವರ್ ಹತ್ತಬೇಡಿ. ಚಾವಣಿ ಬಟ್ಟೆ ಪಟಪಟ ಹೊಡ್ಕೊಳ್ತಾ ಟ್ರಸ್ ಅಲ್ಲಾಡ್ತಿದ್ರೆ, ಮೈಕ್‌ನಲ್ಲಿ ಹೇಳಲಿ ಅಂತ ಕಾಯಬೇಡಿ, ಹಿಂದೆ ಸರೀರಿ.

ನಿಮ್ಮ ಏರಿಯಾ ಕಮಿಟಿಯಲ್ಲಿ ಇರೋ ಗೆಳೆಯರಿಗೆ ಈ ಎಪಿಸೋಡ್ ಕಳಿಸಿ, ಅಡ್ವಾನ್ಸ್ ಕೊಡೋಕೆ ಮುಂಚೆ. ಮುಂದಿನ ವಾರ ಸಿಗೋಣ.