ಹಿತ್ತಲಿನಿಂದ ತಾರಸಿಗೆ: ಮನೆತೋಟದ ದೇಸಿ ಗಿಡಗಳು

ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ತೋಟ ಬಹುಕಾಲ ಇದ್ದದ್ದು ಮನೆಯ ಹಿಂದೆ. ಅಡುಗೆಮನೆಯ ಹಿಂಬಾಗಿಲು ದಾಟಿದರೆ ಬಚ್ಚಲು, ಬಾವಿ, ಕೊಟ್ಟಿಗೆ. ಇವುಗಳ ನಡುವೆ ಉಳಿದ ನೆಲವೇ ಹಿತ್ತಲು. ಅದಕ್ಕೆ ಯಾರೂ ನಕ್ಷೆ ಹಾಕುತ್ತಿರಲಿಲ್ಲ. ಆದರೂ ಯಾವ ಗಿಡ ಎಲ್ಲಿ ಎಂಬುದಕ್ಕೆ ಲೆಕ್ಕವಿತ್ತು. ಬಚ್ಚಲ ನೀರು ಹರಿಯುವಲ್ಲಿ ಬಾಳೆ ಮತ್ತು ಕೆಸು, ಒಲೆಯ ಬೂದಿ ಸುರಿಯುವಲ್ಲಿ ಬಸಳೆಯ ಚಪ್ಪರ, ಬಾವಿಕಟ್ಟೆಯ ತಂಪಿನಲ್ಲಿ ನೆಲಕ್ಕಂಟಿ ಹಬ್ಬಿದ ಒಂದೆಲಗ. ಬೇಲಿಗೆ ದನ ಬಾಯಿ ಹಾಕದ ಆಡುಸೋಗೆ, ಲಕ್ಕಿ. ಅದರ ಮೇಲೆ ತೊಂಡೆಯೋ ಮಾಡಹಾಗಲವೋ ಅಮೃತಬಳ್ಳಿಯೋ ಏರಿಕೊಳ್ಳುತ್ತಿತ್ತು. ಇವುಗಳಲ್ಲಿ ಹಲವು ಹತ್ತಿರದ ಕಾಡಿನಿಂದ, ಗದ್ದೆಯ ಬದುವಿನಿಂದ ಬಂದವು. ಉಳಿದವು ನೆರೆಮನೆಯಿಂದ ತುಂಡಾಗಿ, ಬೀಜವಾಗಿ ಬಂದವು. ದುಡ್ಡು ಕೊಟ್ಟು ಗಿಡ ತರುವ ಪದ್ಧತಿ ಇರಲಿಲ್ಲ.

ಹಿತ್ತಲು ಹೆಂಗಸರ ಆಳ್ವಿಕೆಯ ಜಾಗವಾಗಿತ್ತು. ಹಾಗಾಗಿಯೋ ಏನೋ, ಅದರ ಬಗ್ಗೆ ಬರೆದಿಟ್ಟ ದಾಖಲೆ ಕಡಿಮೆ. ಆದರೂ ಗಿಡಗಳ ಆರೈಕೆಯ ವಿದ್ಯೆ ಕನ್ನಡದಲ್ಲಿ ಬಹಳ ಬೇಗ ಗ್ರಂಥಕ್ಕೇರಿತು. ಕಲ್ಯಾಣ ಚಾಲುಕ್ಯರ ದೊರೆ ಎರಡನೆಯ ಜಯಸಿಂಹನ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯ 1025ರ ಸುಮಾರಿಗೆ ರಚಿಸಿದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಭಾಗವೇ ಮೀಸಲು. ಅದೇ ಗ್ರಂಥದಲ್ಲಿ ಅಂತರ್ಜಲ ಹುಡುಕುವ ಬಗೆ, ಅಡುಗೆ, ಸುಗಂಧದ್ರವ್ಯ, ಮನುಷ್ಯರ ಮತ್ತು ಜಾನುವಾರುಗಳ ಚಿಕಿತ್ಸೆಯೂ ಬರುತ್ತವೆ. ಈ ಜೋಡಣೆ ಆಕಸ್ಮಿಕವೆನಿಸುವುದಿಲ್ಲ. ಗಿಡವನ್ನು ಅಡುಗೆಯಿಂದ, ಮದ್ದಿನಿಂದ ಬೇರೆಯಾಗಿ ನೋಡುವ ರೂಢಿಯೇ ಆಗ ಇರಲಿಲ್ಲ.

1510ರಲ್ಲಿ ಪೋರ್ಚುಗೀಸರು ಗೋವೆಯನ್ನು ಹಿಡಿದ ಮೇಲೆ ಹಿತ್ತಲಿಗೆ ಹೊಸ ನೆಂಟರು ಬರತೊಡಗಿದರು. ಮೆಣಸಿನಕಾಯಿ, ಪರಂಗಿ, ಸೀಬೆ, ಗೇರು, ಚೆಂಡುಹೂವು ಎಲ್ಲವೂ ಅಮೆರಿಕ ಖಂಡದವು. ದೇವರ ತಲೆಯ ಮೇಲೆ ಕೂರುವ ದೇವಕಣಗಿಲೆಯೂ ಅಲ್ಲಿಯದೇ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಎಂಬ ಪುಸ್ತಕವನ್ನೇ ಬರೆದರು. ನಿತ್ಯದ ಊಟದಲ್ಲಿ ಎಷ್ಟು ಪಾಲು ಕಡಲಾಚೆಯದು ಎಂಬುದು ಅದನ್ನು ಓದಿದವರಿಗೆ ಗೊತ್ತು. ಈ ಗಿಡಗಳು ಬಂದದ್ದರಿಂದ ಹಳೆಯವು ಜಾಗ ಬಿಡಬೇಕಾಗಲಿಲ್ಲ. ಮೆಣಸಿನಕಾಯಿ ಮನೆ ಸೇರಿದ ಮೇಲೂ ಒಂದೆಲಗದ ತಂಬುಳಿಗೆ ಸೊಪ್ಪು, ಕಾಯಿತುರಿ, ಜೀರಿಗೆಯ ಜೊತೆ ಅರೆಯುವುದು ಪಶ್ಚಿಮ ಘಟ್ಟದ ಕಾಳುಮೆಣಸನ್ನೇ. ಪರದೇಶದ ಗಿಡವೆಲ್ಲ ಕೆಟ್ಟದ್ದು ಎಂಬ ಈಚಿನ ವಾದಕ್ಕೆ ಹಿತ್ತಲಿನ ಇತಿಹಾಸ ಸಾಕ್ಷಿ ಹೇಳುವುದಿಲ್ಲ.

ನಿಜವಾದ ಪಲ್ಲಟ ಶುರುವಾದದ್ದು ತೋಟ ನೋಟದ ವಸ್ತುವಾದಾಗ. ಬೆಂಗಳೂರಿನಲ್ಲಿ ಹೈದರ್ ಅಲಿ 1760ರಲ್ಲಿ ಲಾಲ್‌ಬಾಗಿಗೆ ಅಡಿಪಾಯ ಹಾಕಿದ. ಟಿಪ್ಪು ಸುಲ್ತಾನ ದೂರದೇಶಗಳಿಂದ ಗಿಡ, ಬೀಜ ತರಿಸಿ ಅದನ್ನು ಬೆಳೆಸಿದ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರು ಸೀಮೆಯನ್ನು ಸುತ್ತಲು ಹೊರಟ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ಆ ತೋಟಗಳನ್ನು ಕಂಡು ವರ್ಣಿಸಿದ್ದಾನೆ. ಚೌಕಾಕಾರದ ಪಾತಿಗಳು, ನಡುವೆ ಸೈಪ್ರೆಸ್ ಮರಗಳ ಸಾಲಿನ ದಾರಿ, ಒಂದೊಂದು ಪಾತಿಯಲ್ಲಿ ಒಂದೊಂದೇ ಜಾತಿಯ ಗಿಡ: ಇಲ್ಲಿ ಗುಲಾಬಿ ಮಾತ್ರ, ಅಲ್ಲಿ ದಾಳಿಂಬೆ ಮಾತ್ರ. ಕೆಸುವಿನ ಪಕ್ಕ ಅರಿಶಿನ, ಅದರ ಮೇಲೆ ಬಾಳೆಯ ನೆರಳು ಎಂಬ ಹಿತ್ತಲಿನ ಬೆರಕೆಗೂ ಈ ಅಚ್ಚುಕಟ್ಟಿಗೂ ಅಜಗಜಾಂತರ.

1856ರಲ್ಲಿ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಿಂದ ಮೂರು ದಶಕಕ್ಕೂ ಹೆಚ್ಚು ಕಾಲ ಅದನ್ನು ನೋಡಿಕೊಂಡ ಜಾನ್ ಕ್ಯಾಮರಾನ್, 1908ರಲ್ಲಿ ಅವನ ಜಾಗಕ್ಕೆ ಬಂದ ಜರ್ಮನಿಯ ಗುಸ್ತಾವ್ ಕ್ರುಂಬಿಗಲ್, ಇಬ್ಬರೂ ಹೊರದೇಶಗಳ ನೂರಾರು ಗಿಡಗಳನ್ನು ಇಲ್ಲಿ ಒಗ್ಗಿಸಿದರು. ಬೆಂಗಳೂರಿನವರು ಇಂದಿಗೂ ಉಣ್ಣುವ ಸೀಮೆಬದನೆಯನ್ನು ಹರಡಿದ ಹೆಸರು ಕ್ಯಾಮರಾನ್‌ಗೆ ಸಲ್ಲುತ್ತದೆ. ಕ್ರುಂಬಿಗಲ್ ಒಂದು ಬಗೆಯ ಮರ ಹೂವುದುರಿಸುವಾಗ ಇನ್ನೊಂದು ಅರಳುವಂತೆ ಬೀದಿಮರಗಳ ಸಾಲನ್ನು ಯೋಜಿಸಿದ. ಊರು ಚೆಂದವಾದದ್ದು ಸುಳ್ಳಲ್ಲ. ಆದರೆ ಫಲಪುಷ್ಪ ಪ್ರದರ್ಶನ ನೋಡಿ ಬಂದ ಮಧ್ಯಮವರ್ಗದ ಮನೆಗಳು ಕಾಂಪೌಂಡಿನೊಳಗೆ ನೆಟ್ಟದ್ದು ಕ್ರೋಟನ್, ಬೋಗನ್‌ವಿಲ್ಲಾ, ಡ್ಯುರಾಂಟಾ ಬೇಲಿ, ಹುಲ್ಲುಹಾಸು. ತೋಟ ಹಿಂಬಾಗಿಲಿನಿಂದ ಮುಂಬಾಗಿಲಿಗೆ ಬಂತು. ಬಚ್ಚಲ ನೀರು ಚರಂಡಿ ಸೇರಿತು, ಗ್ಯಾಸ್ ಒಲೆ ಬಂದು ಬೂದಿ ಇಲ್ಲವಾಯಿತು, ನಿವೇಶನಗಳು ಮೂವತ್ತು-ನಲವತ್ತು ಅಡಿಗೆ ಇಳಿದವು. ಹಿತ್ತಲು ಮೊದಲು ಕಿರಿದಾಯಿತು, ಆಮೇಲೆ ಅಳಿಯಿತು. ಅದರೊಡನೆ ಆಡುಸೋಗೆ, ಲಕ್ಕಿಗಳ ಗುರುತು ಹಿಡಿಯುವವರೂ ಕಡಿಮೆಯಾದರು. ಅಲಂಕಾರಕ್ಕೆಂದು ತಂದ ಗಿಡಗಳಲ್ಲಿ ಕೆಲವು ಬೇಲಿಯನ್ನೂ ಹಾರಿದವು. 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಲಂಟಾನ ಇಂದು ಬಂಡೀಪುರ, ನಾಗರಹೊಳೆಯ ಕಾಡುಗಳಲ್ಲಿ ಹುಲ್ಲು ಬೆಳೆಯಬೇಕಾದ ನೆಲವನ್ನು ಮುಚ್ಚಿಕೊಂಡಿದೆ.

ದೇಸಿ ಗಿಡ ಮನೆಯಂಗಳದಲ್ಲಿ ಏನು ಮಾಡುತ್ತದೆ ಎಂಬುದನ್ನು ತಿಳಿಯಲು ಒಂದು ಕರಿಬೇವಿನ ಗಿಡ ಸಾಕು. ಅದರ ಚಿಗುರೆಲೆಯ ಮೇಲೆ ಆಗಾಗ ಹಕ್ಕಿಯ ಹಿಕ್ಕೆಯಂಥ ಕಂದುಬಿಳುಪಿನ ಚುಕ್ಕೆಯೊಂದು ಕಾಣುತ್ತದೆ. ಅದು ‘ಕಾಮನ್ ಮಾರ್ಮನ್’ ಚಿಟ್ಟೆಯ ಎಳೆಯ ಮರಿಹುಳು. ಕೆಲವು ದಿನ ಕಳೆದು ಪೊರೆ ಬಿಟ್ಟು ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಈ ಚಿಟ್ಟೆಯ ಹೆಣ್ಣುಗಳಲ್ಲಿ ಕೆಲವು ‘ರೋಸ್’ ಎಂಬ ಬೇರೆಯೇ ಚಿಟ್ಟೆಗಳ ವೇಷ ತೊಡುತ್ತವೆ. ರೋಸ್ ಚಿಟ್ಟೆಯ ಮರಿಹುಳು ಬೆಳೆಯುವುದು ವಿಷವುಳ್ಳ ಈಶ್ವರಿ ಬಳ್ಳಿಯ ಎಲೆ ತಿಂದು. ಆ ವಿಷ ಚಿಟ್ಟೆಯ ಮೈಯಲ್ಲಿ ಉಳಿಯುವುದರಿಂದ ಹಕ್ಕಿಗಳು ಅದರ ಗೊಡವೆಗೆ ಹೋಗುವುದಿಲ್ಲ. ಕರಿಬೇವಿನ ಚಿಟ್ಟೆಯ ವೇಷ ಫಲಿಸಬೇಕಾದರೆ ಆಸುಪಾಸಿನಲ್ಲಿ ಎಲ್ಲೋ ಈಶ್ವರಿ ಬಳ್ಳಿಯೂ ಇರಬೇಕು. ಡ್ಯುರಾಂಟಾದ ಹೂವಿಗೂ ಚಿಟ್ಟೆಗಳು ಮಕರಂದಕ್ಕಾಗಿ ಬರುವುದುಂಟು. ಆದರೆ ಇವೆರಡರ ಮರಿಗಳಿಗೆ ಅದರ ಎಲೆ ಆಹಾರವಲ್ಲ.

ಮರಳಿ ದೇಸಿ ಗಿಡಗಳತ್ತ ಹೊರಳುವ ಪ್ರಯತ್ನಗಳು 20ನೆಯ ಶತಮಾನದ ಕೊನೆಗೆ ಕಾಣತೊಡಗಿದವು. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ನೆಲೆಯಾದ ಎಫ್‌ಆರ್‌ಎಲ್‌ಎಚ್‌ಟಿ ಸಂಸ್ಥೆ ಮನೆಮದ್ದಿನ ಗಿಡಗಳ ಕೈತೋಟವನ್ನು ಹಳ್ಳಿಗಳಿಗೆ ಒಯ್ದಿತು. ಶಿರಸಿಯಲ್ಲಿ 2001ರಲ್ಲಿ ಹುಟ್ಟಿದ ‘ವನಸ್ತ್ರೀ’ ಎಂಬ ಮಹಿಳೆಯರ ಕೂಟ ಹಿತ್ತಲಿನ ತರಕಾರಿ ಬೀಜಗಳನ್ನು ಕೂಡಿಟ್ಟು ಹಂಚುವ ಕೆಲಸಕ್ಕೆ ಕೈಹಾಕಿತು. ಎರಡೂ ಕಡೆ ಗಿಡದ ಜೊತೆಗೆ ಅದರ ಬಳಕೆಯೂ ಮರಳಿತು. ಅಡುಗೆಗೋ ಮದ್ದಿಗೋ ಪೂಜೆಗೋ ಕೈ ಚಾಚಿ ಕೀಳುವವರಿದ್ದರೆ ಗಿಡ ಉಳಿಯುತ್ತದೆ. ಬರೀ ‘ದೇಸಿ’ ಎಂಬ ಅಭಿಮಾನಕ್ಕೆ ನೆಟ್ಟದ್ದು ಮುಂದಿನ ಬೇಸಿಗೆಗೆ ಒಣಗುವುದೇ ಹೆಚ್ಚು.

ಈಗಿನ ನಗರದ ಮನೆಗೆ ಉಳಿದಿರುವುದು ತಾರಸಿ, ಬಾಲ್ಕನಿ. ಅಲ್ಲಿಗೂ ಒಗ್ಗುವ ಗಿಡಗಳಿವೆ. ಒಂದೆಲಗ ಅಗಲ ಬಾಯಿಯ ತಗ್ಗು ಕುಂಡದಲ್ಲಿ, ಅರೆನೆರಳಿನಲ್ಲಿ ಸೊಂಪಾಗಿ ಹಬ್ಬುತ್ತದೆ. ಅಕ್ಕಿ ತೊಳೆದ ನೀರಿನಷ್ಟು ಆರೈಕೆ ಅದಕ್ಕೆ ಧಾರಾಳ. ಬಸಳೆಯ ಗೆಣ್ಣುಳ್ಳ ದಂಟೊಂದನ್ನು ಮಣ್ಣಿಗೂರಿ ದಾರ ಕಟ್ಟಿದರೆ ಗ್ರಿಲ್‌ಗೆ ಏರುತ್ತದೆ. ಕೇಪಳ, ಆಡುಸೋಗೆ ದೊಡ್ಡ ಕುಂಡದಲ್ಲಿ ಬದುಕುತ್ತವೆ. ಕರಿಬೇವಿನ ಬೀಜ ಬೇಗ ಜೀವ ಕಳೆದುಕೊಳ್ಳುವುದರಿಂದ ಹಣ್ಣಾದ ಕೂಡಲೇ ಸಿಪ್ಪೆ ತೆಗೆದು ಬಿತ್ತಬೇಕು. ಬೂದಿಯ ಕೆಲಸವನ್ನು ಅಡುಗೆಮನೆಯ ಕಸದಿಂದ ಮಾಡಿದ ಕಾಂಪೋಸ್ಟ್ ಮಾಡುತ್ತದೆ. ನೆಲವಿದ್ದವರು ಸುರಗಿಯನ್ನು ನೆಡಬಹುದು. ಅದರ ಹೂವು ಒಣಗಿದ ಮೇಲೂ ಪರಿಮಳ ಕಳೆದುಕೊಳ್ಳುವುದಿಲ್ಲ, ಆದರೆ ಹೂವು ಕಾಣಲು ಹಲವು ವರ್ಷ ಕಾಯುವ ಸಹನೆ ಬೇಕು. ದೇಸಿ ಗಿಡಕ್ಕೆ ನೀರೇ ಬೇಡವೆಂಬುದು ತಪ್ಪು ತಿಳಿವಳಿಕೆ. ನೆಲದಲ್ಲಿ ನೆಟ್ಟ ಸಸಿಗೆ ಮೊದಲ ಎರಡು ಬೇಸಿಗೆ ನೀರುಣಿಸಿದರೆ ಆಮೇಲೆ ಅದರ ಬೇರೇ ದಾರಿ ಕಂಡುಕೊಳ್ಳುತ್ತದೆ. ಕುಂಡದ ಗಿಡಕ್ಕೆ ಆ ಅನುಕೂಲವಿಲ್ಲ, ಅದಕ್ಕೆ ವರ್ಷವಿಡೀ ನೀರು ಬೇಕು.

ನೆಡಲು ಒಳ್ಳೆಯ ಹೊತ್ತು ಆರಿದ್ರಾ ಮಳೆ. ಸಸಿಗಾಗಿ ಯಾರೂ ಕಾಡಿಗೆ ಹೋಗಿ ಗಿಡ ಕೀಳಬಾರದು. ಅರಣ್ಯ ಇಲಾಖೆಯ ಮತ್ತು ತೋಟಗಾರಿಕೆ ಇಲಾಖೆಯ ನರ್ಸರಿಗಳಲ್ಲಿ ವಿಚಾರಿಸಬಹುದು; ಅದಕ್ಕೂ ಮೊದಲು ಊರಿನಲ್ಲಿ ಇನ್ನೂ ಹಿತ್ತಲು ಉಳಿಸಿಕೊಂಡ ಮನೆಯವರನ್ನು ಒಂದು ತುಂಡು ಬಳ್ಳಿ, ಒಂದು ಹಿಡಿ ಬೀಜ ಕೇಳಿ ನೋಡಬೇಕು.