ಕಾಗದದಿಂದ ಕಂಪ್ಯೂಟರಿಗೆ: ಹಳ್ಳಿಯ ಆಡಳಿತ ಸಾಗಿ ಬಂದ ಇಪ್ಪತ್ತೈದು ವರ್ಷ

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಈ ದಿನ ಸರ್ಕಾರಿ ಕಚೇರಿಗಳಲ್ಲಿ ಬಂದಿರುವ ಕಂಪ್ಯೂಟರ್ ವ್ಯವಸ್ಥೆಯಿಂದ ರೈತನಿಗೆ ಏನಾಯಿತು ಅನ್ನೋ ವಿಷಯದ ಮೇಲೆ ನಾಲ್ಕು ಮಾತಾಡಬೇಕು ಅಂತ ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ನಾವು ಎಸ್ಸೆಸ್ಸೆಲ್ಸಿವರೆಗೆ ಓದಿ ನೇಗಿಲು ಹಿಡಿದವರು. ಕಂಪ್ಯೂಟರಿನ ಒಳಗೇನಿದೆ ಅಂತ ಕೇಳಿದರೆ ನಮಗೆ ಹೇಳಕ್ಕೆ ಬರಲ್ಲ. ಆದರೆ ಅದರ ಮುಂದೆ ಸಾಲಿನಲ್ಲಿ ನಿಂತವನಿಗೆ ಏನಾಗುತ್ತೆ ಅನ್ನೋದನ್ನು ಹೇಳಬಹುದು.

ನಮ್ಮ ಸಂಘ ಹುಟ್ಟಿದ ಕಾಲಕ್ಕೇ ಕರ್ನಾಟಕದಲ್ಲಿ 'ಭೂಮಿ' ಯೋಜನೆಯೂ ಬಂತು. ಅದಕ್ಕೂ ಮುಂಚೆ ಪಹಣಿ ಅಂದರೆ ಗ್ರಾಮಲೆಕ್ಕಿಗರ ಕೈಬರಹ. ಅವರ ಪುಸ್ತಕ ಅವರ ಚೀಲದಲ್ಲಿರುತ್ತಿತ್ತು. ಅವರು ಯಾವ ಊರಲ್ಲಿದ್ದಾರೆ ಅಂತ ಹುಡುಕೋದೇ ಒಂದು ದಿನದ ಕೆಲಸ. ಸಿಕ್ಕಿದ ಮೇಲೂ ನಾಳೆ ಬಾ, ನಾಡಿದ್ದು ಬಾ. ಯಾರ ಹೆಸರು ಯಾವಾಗ ಸೇರಿತು, ಯಾವಾಗ ಹೋಯಿತು ಅಂತ ಜಮೀನಿನ ಒಡೆಯನಿಗೇ ತಿಳೀತಿರಲಿಲ್ಲ. 2000ನೇ ಇಸವಿಯ ಆಚೀಚೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರೋ ಹಾಗಾಯಿತು. ಕೈಬರಹದ ಪಹಣಿ ನಿಂತುಹೋಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಹಿಂದಿನದನ್ನು ಬಿಟ್ಟು ಮುಂದಿನದಕ್ಕೆ ಕೈ ಹಾಕೋ ಹಾಗಿಲ್ಲ ಅನ್ನೋ ನಿಯಮವೂ ಬಂತು. ನೌಕರರು ಬೆರಳಚ್ಚು ಕೊಟ್ಟೇ ಕೆಲಸ ಶುರು ಮಾಡಬೇಕಾಗಿದ್ದರಿಂದ ಯಾವ ತಿದ್ದುಪಡಿ ಯಾರು ಮಾಡಿದರು ಅನ್ನೋದು ದಾಖಲೆಯಲ್ಲಿ ಉಳಿಯಿತು. ಇಡೀ ದೇಶವೇ ಅದನ್ನು ನೋಡಲು ನಮ್ಮ ರಾಜ್ಯಕ್ಕೆ ಬಂತು.

ಅಲ್ಲಿಂದ ಮುಂದೆ ಒಂದಾದ ಮೇಲೊಂದು ಬಂದವು. ನೋಂದಣಿ ಕಚೇರಿಗೆ 'ಕಾವೇರಿ', ಸರ್ವೆ ಇಲಾಖೆಗೆ 'ಮೋಜಿಣಿ', ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಹೋಬಳಿಯ ನಾಡಕಚೇರಿ. ಗ್ರಾಮ ಪಂಚಾಯ್ತಿಯ ಮನೆ, ನಿವೇಶನಗಳಿಗೆ 'ಇ-ಸ್ವತ್ತು' ಬಂದ ಮೇಲೆ ನಮೂನೆ 9 ಮತ್ತು 11 ಕಂಪ್ಯೂಟರಿನಿಂದಲೇ ಬರಬೇಕಾಯಿತು. 2016ರಲ್ಲಿ ಪಂಚಾಯ್ತಿಗಳಲ್ಲಿ ಬಾಪೂಜಿ ಸೇವಾ ಕೇಂದ್ರ, 2022ರಲ್ಲಿ ಗ್ರಾಮ ಒನ್ ತೆರೆದರು. ಹುಡುಗರ ಮೊಬೈಲಿನಲ್ಲಿ 'ದಿಶಾಂಕ್' ಇದೆ. ಹೊಲದ ಬದುವಿನ ಮೇಲೆ ನಿಂತು ತೆರೆದರೆ ಸರ್ವೆ ನಂಬರ್ ತೋರಿಸುತ್ತೆ.

ಇವೆಲ್ಲಕ್ಕಿಂತ ದೊಡ್ಡದು ಅಂತ ನಮಗನ್ನಿಸೋದು 'ಸಕಾಲ'. 2011ರಲ್ಲಿ ಕಾಯಿದೆಯಾಗಿ 2012ರ ಏಪ್ರಿಲ್ 2ರಿಂದ 11 ಇಲಾಖೆಗಳ 151 ಸೇವೆಗಳೊಂದಿಗೆ ರಾಜ್ಯಕ್ಕೆಲ್ಲ ಜಾರಿಗೆ ಬಂತು. ಅರ್ಜಿ ಕೊಟ್ಟ ಕೂಡಲೇ 15 ಅಂಕಿಯ ನಂಬರ್ ಇರೋ ರಸೀತಿ ಕೊಡಬೇಕು. ಇಷ್ಟು ದಿನದೊಳಗೆ ಕೆಲಸ ಆಗಬೇಕು ಅಂತ ನಿಗದಿಯಿದೆ. ಆಗದಿದ್ದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಹಣ ದೊಡ್ಡದಲ್ಲ ಬಂಧುಗಳೆ. 'ಸ್ವಾಮೀ, ಯಾವಾಗ ಬರಲಿ' ಅಂತ ಕೈಕಟ್ಟಿ ನಿಲ್ಲುತ್ತಿದ್ದ ರೈತ 'ಈ ತಾರೀಖಿಗೆ ಆಗಬೇಕಿತ್ತಲ್ಲ' ಅಂತ ಕೇಳೋ ಹಾಗಾಯಿತು. ಆದರೂ ಎಷ್ಟು ಜನ ಆ ರಸೀತಿ ಕೇಳಿ ಪಡೀತೀವಿ ಅನ್ನೋದನ್ನು ಇಲ್ಲಿ ಕೂತವರು ಮನಸ್ಸಿನಲ್ಲೇ ಲೆಕ್ಕ ಹಾಕಿಕೊಳ್ಳಿ.

ಇನ್ನು ಹಣದ ವಿಷಯ. ಸರ್ಕಾರ ಹಾಲಿಗೆ ಕೊಡೋ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಶುರುವಾಗಿ ಆಮೇಲೆ 5 ರೂಪಾಯಿ ಆಯಿತು, ನೇರ ಉತ್ಪಾದಕರ ಬ್ಯಾಂಕ್ ಖಾತೆಗೆ ಬೀಳುತ್ತೆ. ಪಿ.ಎಂ. ಕಿಸಾನ್ 2019ರಿಂದ ವರ್ಷಕ್ಕೆ 6000 ರೂಪಾಯಿ, ಮೂರು ಕಂತು. 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ 2000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ. ನಡುವೆ ಯಾರ ಕೈಯೂ ಇಲ್ಲ. ಇದು ಸಣ್ಣ ಮಾತಲ್ಲ. ಬೀಗರ ಮನೆಗೆ ಹೋಗೋಕೆ ಬಸ್ ಚಾರ್ಜಿಗೂ ಗಂಡನ ಮುಖ ನೋಡುತ್ತಿದ್ದ ಹೆಣ್ಣುಮಕ್ಕಳಿಗೆ ತಮ್ಮದೇ ಪಾಸ್‌ಬುಕ್ ಬಂತು.

ಇಷ್ಟು ಒಳ್ಳೇದು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತೆ.

ಕಂಪ್ಯೂಟರ್ ಕೊಟ್ಟಿದ್ದನ್ನು ಮಾತ್ರ ಹೇಳುತ್ತೆ. ನಮ್ಮ ಡೇರಿಯ ಯಂತ್ರ ಇದೆಯಲ್ಲ, ಹಾಲು ಹಾಕಿದರೆ ಫ್ಯಾಟ್ ಎಷ್ಟು, ಡಿಗ್ರಿ ಎಷ್ಟು ಅಂತ ಚೀಟಿ ಕೊಡುತ್ತೆ. ಹಸುವಿಗೆ ಮೇವು ಸರಿಯಾಗಿ ಹಾಕದೆ ಚೀಟಿ ನೋಡಿ ಬೈದರೆ ಏನು ಬಂತು? ಪಹಣಿಯೂ ಹಂಗೇನೆ. ಕೈಬರಹದ ಕಾಲದಲ್ಲಿ ಆದ ತಪ್ಪುಗಳು ಹಾಗೇ ಕಂಪ್ಯೂಟರಿಗೆ ಏರಿದವು. ಕಾಳೇಗೌಡ ಕಾಳಯ್ಯ ಆದ, ಎರಡು ಎಕರೆ ಎರಡು ಗುಂಟೆ ಆಯಿತು. ಮುಂಚೆ ಅಂಥ ತಪ್ಪು ಒಂದು ಪುಸ್ತಕದ ಒಂದು ಪುಟದಲ್ಲಿ ಸುಮ್ಮನೆ ಬಿದ್ದಿರುತ್ತಿತ್ತು. ಗ್ರಾಮಲೆಕ್ಕಿಗರಿಗೂ 'ಇವನು ಇಂಥವರ ಮಗ' ಅಂತ ಗೊತ್ತಿತ್ತು, ಕೆಲಸ ನಡೀತಿತ್ತು. ಈಗ ಒಂದು ಕಡೆ ತಪ್ಪಿದ್ದರೆ ಸಾಲಕ್ಕೂ ತಡೆ, ವಿಮೆಗೂ ತಡೆ, ಪರಿಹಾರಕ್ಕೂ ತಡೆ. ಯಂತ್ರಕ್ಕೆ ಮುಖಪರಿಚಯ ಇಲ್ಲ.

ನಮ್ಮ ಕಣ್ಣಮುಂದೆ ಇದು ಚೆನ್ನಾಗಿ ಗೊತ್ತಾಗಿದ್ದು 2023ರ ಬರದಲ್ಲಿ. ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆಯಾದವು. 2024ರ ಜನವರಿಯಲ್ಲಿ ಮೊದಲ ಕಂತು 2000 ರೂಪಾಯಿವರೆಗೆ, ಆಮೇಲೆ ಉಳಿದದ್ದು ಬಂತು. ಈ ಹಣ ಹೋದದ್ದು 'ಫ್ರೂಟ್ಸ್' ತಂತ್ರಾಂಶದಲ್ಲಿ ರೈತರ ಗುರುತಿನ ನಂಬರ್, ಅಂದರೆ ಎಫ್.ಐ.ಡಿ. ಇದ್ದವರಿಗೆ. ನಂಬರ್ ಇದ್ದರೂ ಇರೋ ಸರ್ವೆ ನಂಬರುಗಳನ್ನೆಲ್ಲ ಅದಕ್ಕೆ ಸೇರಿಸದಿದ್ದರೆ ಸೇರಿಸಿದಷ್ಟು ವಿಸ್ತೀರ್ಣಕ್ಕೆ ಮಾತ್ರ. ಪಕ್ಕಪಕ್ಕದ ಹೊಲ, ಇಬ್ಬರದೂ ಒಣಗಿದ ರಾಗಿ. ಒಬ್ಬನಿಗೆ ಮೊಬೈಲಿನಲ್ಲಿ ಮೆಸೇಜ್ ಬಂತು, ಇನ್ನೊಬ್ಬ ಬ್ಯಾಂಕಿಗೂ ಕಚೇರಿಗೂ ತಿರುಗಿದ. ಕೇಳಿದರೆ ಜಮೀನು ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದೆ! ಸತ್ತವರಿಗೆ ಆಧಾರ್ ಎಲ್ಲಿಂದ ತರೋದು?

ಇದಕ್ಕಿಂತ ಕಷ್ಟದಲ್ಲಿರೋರು ವಾರಕ್ಕೆ, ಗುತ್ತಿಗೆಗೆ ಉಳುವವರು. ನಮ್ಮ ರಾಜ್ಯದ ಭೂಸುಧಾರಣಾ ಕಾಯಿದೆಯಲ್ಲಿ ಗೇಣಿಗೆ ಅವಕಾಶವಿಲ್ಲ, ಹಾಗಾಗಿ ಅವರ ಕೈಯಲ್ಲಿ ಕಾಗದವೂ ಇಲ್ಲ. ಬೀಜ ಹಾಕಿದವರು ಅವರು, ಪರಿಹಾರ ಹೋಗೋದು ಪಹಣಿಯ 9ನೇ ಕಾಲಂನಲ್ಲಿ ಹೆಸರಿದ್ದವರಿಗೆ. ಬೆಂಗಳೂರಿನಲ್ಲಿ ಕೂತ ಒಡೆಯರಿಗೆ ಹಣ ಬಿದ್ದಾಗ ಉಳುವವನಿಗೆ ಕೊಡೋ ಧರ್ಮ ಅವರಿಗೆ ಬಿಟ್ಟಿದ್ದು. ಹಂಗೇ ಹೆಣ್ಣುಮಕ್ಕಳು. ಬೆಳಗ್ಗೆ ಐದಕ್ಕೆ ಎದ್ದು ಹಾಲು ಕರೆಯೋದು, ಕಳೆ ತೆಗೆಯೋದು ಅವರು. ಪಹಣಿಯಲ್ಲಿ ಅವರ ಹೆಸರು ಎಷ್ಟಿದೆ ನೋಡಿ. ಕಂಪ್ಯೂಟರಿನ ಕಣ್ಣಿಗೆ ಅವರು ರೈತರೇ ಅಲ್ಲ.

ವಯಸ್ಸಾದವರ ಮಾತು ಇನ್ನೊಂದು. ಬೂದಿ ಹಚ್ಚಿ ಪಾತ್ರೆ ಉಜ್ಜಿ, ಕುಡುಗೋಲು ಹಿಡಿದು ಸವೆದ ಬೆರಳು ಯಂತ್ರಕ್ಕೆ ಒಪ್ಪಲ್ಲ. ನಮ್ಮೂರಿನ ಅಜ್ಜಿಯೊಬ್ಬರು ರೇಷನ್‌ಗೆ ಮೂರು ದಿನ ನಡೆದರು. ಕೊನೆಗೆ 'ನಾನೇ ನಾನು ಅಂತ ಇದಕ್ಕೆ ಹೆಂಗಪ್ಪ ಹೇಳ್ಲಿ' ಅಂದರು. ಅವರ ಆ ಮಾತಿಗೆ ಉತ್ತರ ಹೇಳಬೇಕಾದ ಜವಾಬ್ದಾರಿ ಊರಿನವರಾದ ನಮ್ಮದೂ ಹೌದು. ಸರ್ವರ್ ಇಲ್ಲ, ಕರೆಂಟ್ ಇಲ್ಲ ಅಂದರೆ ಮುಗೀತು. ಒಂದು ದಿನದ ಕೂಲಿ ಹೋಯಿತು.

ನೌಕರರ ಕಡೆಯಿಂದಲೂ ಒಂದು ಮಾತು ಹೇಳಬೇಕು. ಗ್ರಾಮಲೆಕ್ಕಿಗರು ಈಗ ಗ್ರಾಮ ಆಡಳಿತ ಅಧಿಕಾರಿಗಳು. 2024ರಲ್ಲಿ ಅವರು ಮುಷ್ಕರ ಹೂಡಿದಾಗ ಹೇಳಿದ ಕಷ್ಟಗಳಲ್ಲಿ ಮೊಬೈಲ್ ಆ್ಯಪ್‌ಗಳ ಹೊರೆ ಮುಖ್ಯವಾಗಿತ್ತು. ಬೆಳೆಗೊಂದು ಆ್ಯಪ್, ಆಧಾರ್ ಜೋಡಣೆಗೊಂದು ಆ್ಯಪ್. ಅವರನ್ನು ಬೈಯೋ ಮುಂಚೆ ಇದನ್ನೂ ಯೋಚನೆ ಮಾಡಬೇಕು.

ಹಂಗಾದರೆ ಹಳೇ ಕಾಲವೇ ಚೆನ್ನಾಗಿತ್ತಾ? ಖಂಡಿತ ಇಲ್ಲ. ಬುತ್ತಿ ಕಟ್ಟಿಕೊಂಡು ತಾಲ್ಲೂಕು ಕಚೇರಿ ಕಟ್ಟೆ ಮೇಲೆ ಕಾದು ಕೂತ ದಿನಗಳನ್ನು ನಮ್ಮ ಹಿರಿಯರು ಮರೆತಿಲ್ಲ. ಈಗ ಆಗಬೇಕಾದ್ದು ನಮ್ಮ ದಾಖಲೆಯನ್ನು ನಾವು ಸರಿಮಾಡಿಕೊಳ್ಳೋದು. ಅದನ್ನು ಒಬ್ಬೊಬ್ಬರೇ ಮಾಡಕ್ಕಾಗಲ್ಲ. ಇಲ್ಲಿಯೇ ಸಹಕಾರ ಸಂಘದ ಕೆಲಸ ಇರೋದು. ಆಡಳಿತ ಮಂಡಳಿಯ ಮುಂದೆ, ಸದಸ್ಯರ ಮುಂದೆ ಈ ಐದು ವಿಚಾರ ಇಡುತ್ತೇವೆ.

ಒಂದು, ಪೌತಿ ಖಾತೆ. ತೀರಿಕೊಂಡವರ ಹೆಸರಿನಲ್ಲಿರೋ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು 2025ರಲ್ಲಿ ಕಂದಾಯ ಇಲಾಖೆ ಇ-ಪೌತಿ ಆಂದೋಲನವನ್ನೇ ಹೂಡಿತು. ಮರಣ ಪ್ರಮಾಣಪತ್ರ, ವಂಶವೃಕ್ಷ ಹೊಂದಿಸಿಕೊಳ್ಳಿ. ಅಣ್ಣತಮ್ಮಂದಿರ ಜಗಳ ಇದ್ದರೆ ಹಿರಿಯರನ್ನು ಕೂರಿಸಿಕೊಂಡು ಮುಗಿಸಿ. ಅಕ್ಕತಂಗಿಯರ ಹೆಸರನ್ನು ಬಿಡಬೇಡಿ. 2005ರಿಂದ ಹಿಂದೂ ವಾರಸಾ ಕಾಯಿದೆಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು.

ಎರಡು, ಎಫ್.ಐ.ಡಿ. ಇರೋ ಎಲ್ಲ ಸರ್ವೆ ನಂಬರುಗಳು ಅದರಲ್ಲಿ ಸೇರಿವೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ನೋಡಿಸಿ. ಬೆಳೆ ಸಮೀಕ್ಷೆಯಲ್ಲಿ ರಾಗಿ ಇರೋ ಕಡೆ ಜೋಳ ಅಂತ ಬರೆದಿದ್ದರೆ ಆಗಲೇ ಆಕ್ಷೇಪಣೆ ಹಾಕಿ. ಬೆಳೆ ಹೋದ ಮೇಲೆ ಅತ್ತು ಪ್ರಯೋಜನವಿಲ್ಲ.

ಮೂರು, ಬ್ಯಾಂಕ್ ಖಾತೆ. ಸರ್ಕಾರದ ಹಣ ಬಹಳಷ್ಟು ಆಧಾರ್ ಜೋಡಣೆಯ ಮೇಲೆ ಬರುತ್ತೆ. ಕೊನೆಯಲ್ಲಿ ಯಾವ ಬ್ಯಾಂಕಿಗೆ ಜೋಡಿಸಿದಿರೋ ಆ ಖಾತೆಗೇ ಬೀಳುತ್ತೆ. ಎರಡು ಮೂರು ಖಾತೆ ಇರೋರು 'ಹಣ ಬರಲಿಲ್ಲ' ಅನ್ನೋ ಮುಂಚೆ ಎಲ್ಲಾ ಪಾಸ್‌ಬುಕ್ ನಮೂದು ಮಾಡಿಸಿ ನೋಡಿ.

ನಾಲ್ಕು, ಓ.ಟಿ.ಪಿ. ಮೊಬೈಲಿಗೆ ಬರೋ ಆ ಅಂಕಿ ನಿಮ್ಮ ಮನೆ ಬೀಗದ ಕೈ. ಬ್ಯಾಂಕಿನವರು, ಕಿಸಾನ್ ಹಣದವರು ಅಂತ ಫೋನಿನಲ್ಲಿ ಯಾರು ಕೇಳಿದರೂ ಹೇಳಬೇಡಿ. ಮೋಸ ಹೋದರೆ ನಾಚಿಕೆಪಡದೆ ಕೂಡಲೇ 1930ಕ್ಕೆ ಫೋನ್ ಮಾಡಿ.

ಐದು, ಸಂಘದಲ್ಲೇ ಒಂದು ಮೇಜು. ದಿನಾ ಎರಡು ಹೊತ್ತು ಊರೇ ಡೇರಿಗೆ ಬರುತ್ತೆ. ವಾರಕ್ಕೆ ಒಂದು ದಿನ ಸಂಜೆ ಹಾಲು ಹಾಕೋ ಹೊತ್ತಿನಲ್ಲಿ ಪಿ.ಯು.ಸಿ., ಡಿಗ್ರಿ ಓದಿರೋ ನಮ್ಮ ಸದಸ್ಯರ ಮಕ್ಕಳು ಇಬ್ಬರು ಕೂತು ಅರ್ಜಿ ನೋಡಿಕೊಡಲಿ. ಬೆರಳು ಒಪ್ಪದ ಅಜ್ಜ, ಅಜ್ಜಿಯರ ಹೆಸರು ಪಟ್ಟಿ ಮಾಡಿ ಸಂಬಂಧಪಟ್ಟ ಕಚೇರಿಗೆ ಸಂಘದಿಂದಲೇ ಬರೆಯೋಣ. ಉಳಿದ ದೂರುಗಳನ್ನು ಗ್ರಾಮಸಭೆಯಲ್ಲಿ ಎಲ್ಲರೂ ಸೇರಿ ಇಡೋಣ. ಒಬ್ಬ ಕೇಳಿದರೆ ಗೋಗರೆದ ಹಾಗೆ, ಊರು ಕೇಳಿದರೆ ಹಕ್ಕು.

ಕೇಂದ್ರ ಸರ್ಕಾರ 2022ರಲ್ಲಿ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಣ ಮಾಡೋ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಹಕಾರ ಸಂಘಗಳ ಲೆಕ್ಕವೂ ಕಂಪ್ಯೂಟರಿಗೆ ಹೋಗುತ್ತಿದೆ ಅಂದ ಮೇಲೆ ನಾವು ಇನ್ನೊಬ್ಬರಿಂದ ಕೇಳೋ ಪಾರದರ್ಶಕತೆಯನ್ನು ನಮ್ಮಲ್ಲೂ ಇಟ್ಟುಕೊಳ್ಳಬೇಕು. ನಮ್ಮ ಸಂಘದ ಜಮಾ ಖರ್ಚು, ಬೋನಸ್ ಲೆಕ್ಕ ಯಾವ ಸದಸ್ಯ ಯಾವ ದಿನ ಕೇಳಿದರೂ ತೋರಿಸೋ ಹಾಗಿರಬೇಕು.

ಇಪ್ಪತ್ತೈದು ವರ್ಷದ ಹಿಂದೆ ಒಂದೊಂದು ಷೇರು ಹಾಕಿ ಈ ಸಂಘ ಕಟ್ಟಿದವರು ಒಬ್ಬರ ಕ್ಯಾನಿನ ಹಾಲು ಪೇಟೆಯವರ ಲೆಕ್ಕಕ್ಕೆ ಬರಲ್ಲ, ಊರಿನ ಹಾಲು ಲೆಕ್ಕಕ್ಕೆ ಬರುತ್ತೆ ಅಂತ ತಿಳಿದವರು. ಕಚೇರಿಯ ಕಿಟಕಿ ಹೋಗಿ ಕಂಪ್ಯೂಟರಿನ ಪರದೆ ಬಂದರೂ ಆ ಮಾತು ಬದಲಾಗಿಲ್ಲ. ಮಾತು ಉದ್ದವಾಯಿತು, ಹಾಲು ಕರೆಯೋ ಹೊತ್ತೂ ಆಯಿತು.

ಜೈ ಸಹಕಾರ, ಜೈ ಕರ್ನಾಟಕ.